ಒಬ್ಬರೇ ಕೂತು ಬೈಬಲ್ ಓದಿ ನಂಬಿಕೆಯತ್ತ ಹೋಗುವುದು ಹೇಗೆ?

ಬೈಬಲ್ ಓದಬೇಕು ಅಂತ ಹೊರಡುವವರಲ್ಲಿ ತುಂಬಾ ಜನ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ. ಆದಿಕಾಂಡ ಚೆನ್ನಾಗಿಯೇ ಓಡುತ್ತದೆ. ನೋಹ, ಅಬ್ರಹಾಮ, ಯಾಕೋಬ, ಯೋಸೇಫ, ಎಲ್ಲರದ್ದೂ ಕಥೆ ಇದೆ. ಐಗುಪ್ತದಿಂದ ಬಿಡುಗಡೆಯಾಗುವ ಕಥೆಯೂ ಹಿಡಿದು ಕೂರಿಸುತ್ತದೆ. ಆಮೇಲೆ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ. ಗುಡಾರದ ಅಳತೆ, ಪರದೆಯ ಬಣ್ಣ, ಯಾಜಕರ ಬಟ್ಟೆ. ಅದನ್ನು ದಾಟಿದರೆ ಯಾಜಕಕಾಂಡದ ಬಲಿಗಳು. ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ.

ಇದು ಓದುವವರ ಸೋಮಾರಿತನ ಅಲ್ಲ. ಶುರು ಮಾಡಿದ ಜಾಗ ಸರಿಯಿಲ್ಲ, ಅಷ್ಟೇ. ಕ್ರೈಸ್ತ ನಂಬಿಕೆ ಅಂದರೆ ಏನು, ಅದು ನನಗೆ ನಿಜ ಅನ್ನಿಸುತ್ತದಾ ಅಂತ ನೋಡಲು ಓದುತ್ತಿದ್ದೀರಿ ಅಂದರೆ ಇಡೀ ಗ್ರಂಥದ ಮೇಲೆ ಮೊದಲೇ ತೀರ್ಪು ಕೊಡುವ ಕೆಲಸ ಬೇಡ. ಒಂದೇ ಪ್ರಶ್ನೆ ಹಿಡಿದುಕೊಂಡು ಓದಿ: ಈ ಯೇಸು ಯಾರು? ಕ್ರೈಸ್ತ ನಂಬಿಕೆ ನಿಂತಿರುವುದು ಈ ಒಬ್ಬ ವ್ಯಕ್ತಿಯ ಮೇಲೆ. ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ಸಾಲಾಗಿ ಬರುತ್ತವೆ.

ಕೈಗೆ ಯಾವ ಬೈಬಲ್?

ಪೂರ್ತಿ ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಸಂಗ್ರಹ. ಪ್ರೊಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ: ಯೇಸುವಿಗೆ ಮುಂಚಿನ ಹಳೆಯ ಒಡಂಬಡಿಕೆಯಲ್ಲಿ 39, ಯೇಸುವಿನಿಂದ ಶುರುವಾಗುವ ಹೊಸ ಒಡಂಬಡಿಕೆಯಲ್ಲಿ 27. ಕ್ಯಾಥೋಲಿಕರ ಹಳೆಯ ಒಡಂಬಡಿಕೆಯಲ್ಲಿ ಇನ್ನೂ 7 ಇದ್ದು, ಒಟ್ಟು 73 ಆಗುತ್ತವೆ. ಹೊಸ ಒಡಂಬಡಿಕೆ ಇಬ್ಬರಿಗೂ ಒಂದೇ. ನೀವು ಮೊದಲು ಓದಬೇಕಾದದ್ದು ಅದೇ ಆದ್ದರಿಂದ ಯಾವುದು ಸಿಕ್ಕರೂ ನಡೆಯುತ್ತದೆ.

ಭಾಷೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ಹಳೆಯ ಅನುವಾದಗಳ ಗಾಂಭೀರ್ಯ ಕೆಲವರಿಗೆ ಇಷ್ಟವಾಗುತ್ತದೆ. ಆದರೆ ಪ್ರತಿ ವಾಕ್ಯದಲ್ಲೂ ಎಡವುತ್ತಿದ್ದರೆ ಸರಳ ಭಾಷೆಯ ಅನುವಾದ ತೆಗೆದುಕೊಳ್ಳಿ. ಎರಡೂ ಇದ್ದರೆ ಇನ್ನೂ ಒಳ್ಳೆಯದು. ಒಂದರಲ್ಲಿ ಓದಿ, ಅನುಮಾನ ಬಂದ ಕಡೆ ಇನ್ನೊಂದರಲ್ಲಿ ನೋಡಬಹುದು. ಅಡಿಟಿಪ್ಪಣಿ ಇರುವ ಪ್ರತಿಯಾದರೆ ಅವನ್ನು ಹಾರಿಸಬೇಡಿ. ಜೊತೆಗೆ ಒಂದು ನೋಟ್‌ಬುಕ್ ಮತ್ತು ಪೆನ್ನು. ಮೊಬೈಲ್‌ನಲ್ಲಿ ಓದಿದರೂ ತಪ್ಪಿಲ್ಲ, ಆದರೆ ಬರೆಯುವುದನ್ನು ಕೈಯಲ್ಲೇ ಬರೆಯಿರಿ. ಬರೆಯುವಾಗ ಓದು ತಾನಾಗಿಯೇ ನಿಧಾನವಾಗುತ್ತದೆ.

ಮೊದಲು ಮಾರ್ಕ, ಒಂದೇ ಉಸಿರಿಗೆ

ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಮಾರ್ಕ, ಒಟ್ಟು 16 ಅಧ್ಯಾಯ. ಸುಮಾರು ಒಂದೂವರೆ ಗಂಟೆಯಲ್ಲಿ ಓದಿ ಮುಗಿಸಬಹುದು. ತುಂಬಾ ಜನ ಯೋಹಾನದಿಂದ ಶುರು ಮಾಡಿ ಅನ್ನುತ್ತಾರೆ. ನನ್ನ ಮಟ್ಟಿಗೆ ಮಾರ್ಕನೇ ಸರಿ. ಯೋಹಾನ ಮೊದಲ ಸಾಲಿನಿಂದಲೇ ಆಳಕ್ಕೆ ಇಳಿಯುತ್ತಾನೆ. ಮಾರ್ಕ ನಿಮ್ಮನ್ನು ಶಿಷ್ಯರ ಜೊತೆ ನಡೆಸಿಕೊಂಡು ಹೋಗುತ್ತಾನೆ. ಅವರಿಗೆ ಗೊತ್ತಾಗದಿದ್ದದ್ದು ನಿಮಗೂ ಗೊತ್ತಾಗುವುದಿಲ್ಲ, ಅವರು ಬೆರಗಾದ ಕಡೆ ನೀವೂ ಬೆರಗಾಗುತ್ತೀರಿ.

ಮೊದಲ ಸಲ ನೋಟ್ಸ್ ಬೇಡ, ಗೆರೆ ಎಳೆಯುವುದೂ ಬೇಡ. ಸುಮ್ನೆ ಓದಿ. ಅಧ್ಯಾಯದ ಅಂಕಿ ಬಂತು ಅಂತ ನಿಲ್ಲಿಸಬೇಡಿ. ಆ ಅಂಕಿಗಳು ಮೂಲದಲ್ಲಿ ಇರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕಿ ಬಂದದ್ದು 1551ರಲ್ಲಿ. ಹುಡುಕಲು ಅನುಕೂಲವಾಗಲಿ ಅಂತ ಹಾಕಿದ್ದು ಅವು, ಓದನ್ನು ತುಂಡು ಮಾಡಲಿ ಅಂತಲ್ಲ.

ಮಾರ್ಕ ಕಥೆಯನ್ನು ಹೆಣೆದಿರುವ ರೀತಿಯನ್ನು ಗಮನಿಸಿ. ಮೊದಲ ಅರ್ಧದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ. ಬಿರುಗಾಳಿ ನಿಂತ ಮೇಲೆ ಶಿಷ್ಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೂ ಅದನ್ನೇ: ಗಾಳಿ, ನೀರು ಕೂಡ ಮಾತು ಕೇಳುತ್ತವಲ್ಲ, ಇವನು ಯಾರು? ಇದು 4ನೇ ಅಧ್ಯಾಯದ ಕೊನೆಯಲ್ಲಿದೆ. 8ನೇ ಅಧ್ಯಾಯದಲ್ಲಿ ಯೇಸುವೇ ಪ್ರಶ್ನೆಯನ್ನು ತಿರುಗಿಸುತ್ತಾನೆ. ಜನ ನನ್ನನ್ನು ಯಾರು ಅನ್ನುತ್ತಾರೆ ಅಂತ ಮೊದಲು ಕೇಳಿ, ಆಮೇಲೆ "ನೀವು ಏನು ಹೇಳುತ್ತೀರಿ" ಅನ್ನುತ್ತಾನೆ. ನೀನೇ ಕ್ರಿಸ್ತ, ಅಂದರೆ ದೇವರು ಕಳಿಸುತ್ತೇನೆ ಅಂದಿದ್ದ ರಾಜ, ಅನ್ನುತ್ತಾನೆ ಶಿಷ್ಯರಲ್ಲಿ ಒಬ್ಬನಾದ ಪೇತ್ರ. ಉತ್ತರ ಸರಿಯಿದೆ. ಆದರೆ ನಾನು ಹಿಂಸೆಪಟ್ಟು ಸಾಯಬೇಕು ಅಂತ ಯೇಸು ಹೇಳಿದ ಕೂಡಲೇ ಅದೇ ಪೇತ್ರ ಅವನನ್ನು ಪಕ್ಕಕ್ಕೆ ಕರೆದು ಗದರಿಸುತ್ತಾನೆ.

ಇದಕ್ಕೆ ಸ್ವಲ್ಪ ಮುಂಚೆ ಒಬ್ಬ ಕುರುಡನ ಕಥೆ ಇದೆ. ಯೇಸು ಅವನನ್ನು ಒಂದೇ ಸಲಕ್ಕೆ ವಾಸಿ ಮಾಡುವುದಿಲ್ಲ. ಮೊದಲ ಸಲ ಮುಟ್ಟಿದಾಗ ಅವನಿಗೆ ಮನುಷ್ಯರು ಓಡಾಡುವ ಮರಗಳ ಹಾಗೆ ಕಾಣುತ್ತಾರೆ. ಎರಡನೇ ಸಲ ಮುಟ್ಟಿದ ಮೇಲೆ ಎಲ್ಲ ಸ್ಪಷ್ಟವಾಗುತ್ತದೆ. ಮಾರ್ಕ ಈ ಕಥೆಯನ್ನು ಪೇತ್ರನ ಮಾತಿನ ಪಕ್ಕದಲ್ಲೇ ಇಟ್ಟಿರುವುದು ಸುಮ್ಮನೆ ಅಲ್ಲ ಅಂತ ನನಗನ್ನಿಸುತ್ತದೆ. ಪೇತ್ರನಿಗೂ ಆಗ ಅರ್ಧವೇ ಕಾಣುತ್ತಿತ್ತು. ಓದುತ್ತಿರುವ ನಿಮಗೂ ಅಷ್ಟೇ ಕಂಡರೆ ಗಾಬರಿ ಬೇಡ.

ಮುಂದಿನ ಎರಡು ಅಧ್ಯಾಯಗಳಲ್ಲಿ ಯೇಸು ತನ್ನ ಸಾವಿನ ಬಗ್ಗೆ ಇನ್ನೂ ಎರಡು ಸಲ ಹೇಳುತ್ತಾನೆ. ಪ್ರತಿ ಸಲವೂ ಶಿಷ್ಯರು ಬೇರೆಯದೇ ಲೋಕದಲ್ಲಿರುತ್ತಾರೆ. ಒಮ್ಮೆ ನಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳ. ಇನ್ನೊಮ್ಮೆ ಯಾಕೋಬ, ಯೋಹಾನ ಎಂಬ ಶಿಷ್ಯರು ನಿನ್ನ ಮಹಿಮೆಯಲ್ಲಿ ನಮಗೆ ಪಕ್ಕದ ಸೀಟು ಕೊಡು ಅಂತ ಕೇಳುತ್ತಾರೆ! ತಮ್ಮ ಗುರುವಿನ ಕಥೆ ಬರೆಯುವಾಗ ತಮ್ಮವರನ್ನೇ ಇಷ್ಟು ದಡ್ಡರನ್ನಾಗಿ ತೋರಿಸುವ ಬರಹ ಕಡಿಮೆ. ಮಾರ್ಕನ ಮೇಲೆ ನನಗೆ ಭರವಸೆ ಹುಟ್ಟುವುದು ಇಂಥ ಕಡೆ.

ಎರಡನೇ ಓದು: ನಿಧಾನವಾಗಿ, ಪೆನ್ನು ಹಿಡಿದು

ಈಗ ದಿನಕ್ಕೆ ಒಂದು ಘಟನೆ ಸಾಕು. ಹತ್ತು ಹದಿನೈದು ವಚನ. ನೋಟ್‌ಬುಕ್ಕಿನಲ್ಲಿ ಈ ನಾಲ್ಕಕ್ಕೆ ಉತ್ತರ ಬರೆಯಿರಿ:

1. ಇಲ್ಲಿ ಏನಾಯಿತು?
2. ಯೇಸು ಹೇಳಿದ್ದು, ಮಾಡಿದ್ದು ಅವನ ಬಗ್ಗೆ ಏನು ತೋರಿಸುತ್ತದೆ?
3. ಸುತ್ತ ಇದ್ದವರು ಹೇಗೆ ನಡೆದುಕೊಂಡರು?
4. ಇದು ನಿಜವಾಗಿದ್ದರೆ ನನ್ನಿಂದ ಏನು ಕೇಳುತ್ತದೆ?

ನಾಲ್ಕನೆಯದನ್ನು "ನಿಜವಾಗಿದ್ದರೆ" ಅಂತಲೇ ಬರೆದಿದ್ದೇನೆ. ಇನ್ನೂ ನಂಬದವರು ನಂಬಿದಂತೆ ನಟಿಸಬೇಕಾಗಿಲ್ಲ.

ಉದಾಹರಣೆಗೆ ಮಾರ್ಕ 2ನೇ ಅಧ್ಯಾಯದ ಮೊದಲ 12 ವಚನ ನೋಡಿ. ಕಪೆರ್ನೌಮಿನ ಒಂದು ಮನೆ. ಒಳಗೆ ಕಾಲಿಡಲು ಜಾಗವಿಲ್ಲ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆಯನ್ನು ಕಿತ್ತು, ಹಾಸಿಗೆಯ ಸಮೇತ ಇಳಿಸುತ್ತಾರೆ. ಅವನು ಬಂದದ್ದು ನಡೆಯಲು. ಯೇಸು ಅವನಿಗೆ ಮೊದಲು ಹೇಳುವುದು "ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಅಂತ. ಅಲ್ಲಿ ಯಾರೂ ಬೇಡಿರದ ವಿಷಯ ಇದು.

ಅಲ್ಲಿ ಕೂತಿದ್ದ ಶಾಸ್ತ್ರಿಗಳಿಗೆ, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಕಲಿಸುವವರಿಗೆ, ಸಿಟ್ಟು ಬರುತ್ತದೆ. ದೇವರೊಬ್ಬನೇ ಹೊರತು ಯಾರು ಪಾಪ ಕ್ಷಮಿಸಬಲ್ಲರು ಅನ್ನುವುದು ಅವರ ವಾದ. ಆ ವಾದದಲ್ಲಿ ತಪ್ಪೇನಿದೆ? ಒಬ್ಬ ನನಗೆ ಹೊಡೆದರೆ ನಾನು ಕ್ಷಮಿಸಬಹುದು. ನಿಮಗೆ ಹೊಡೆದವನನ್ನು ದಾರಿಯಲ್ಲಿ ಹೋಗುವ ನಾನು ಕ್ಷಮಿಸಿದರೆ ಏನರ್ಥ? ಆದರೆ ಯೇಸು "ನೀವು ನನ್ನನ್ನು ತಪ್ಪು ತಿಳಿದಿರಿ" ಅನ್ನುವುದಿಲ್ಲ. ಆ ಅಧಿಕಾರ ತನಗಿದೆ ಅಂತ ತೋರಿಸಲು ರೋಗಿಯನ್ನು ಎದ್ದು ನಡೆಯುವಂತೆ ಮಾಡುತ್ತಾನೆ. ಈ 12 ವಚನಗಳನ್ನು ಸರಿಯಾಗಿ ಓದಿದವರಿಗೆ "ಯೇಸು ಒಬ್ಬ ಒಳ್ಳೆಯ ಬೋಧಕ, ಅಷ್ಟೇ" ಅನ್ನುವುದು ಕಷ್ಟ. ಒಂದೋ ಶಾಸ್ತ್ರಿಗಳು ಹೇಳಿದಂತೆ ಅದು ದೇವದೂಷಣೆ, ಇಲ್ಲವೇ ಅವನು ಹೇಳಿಕೊಂಡದ್ದು ನಿಜ. ಅಲ್ಲ, ಮಾರ್ಕ ಬರೆದದ್ದೇ ಸರಿಯಿಲ್ಲ ಅಂತಲೂ ಒಬ್ಬರು ಹೇಳಬಹುದು. ಹಾಗನ್ನಿಸಿದರೆ ಅದನ್ನೂ ನೋಟ್‌ಬುಕ್ಕಿಗೆ ಹಾಕಿ.

ಅನುಮಾನಗಳಿಗೆ ಬೇರೆ ಪುಟ

ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಅನುಮಾನಗಳಿಗೆ ಬಿಡಿ. ಅವು ಸಾಮಾನ್ಯವಾಗಿ ಮೂರು ತರಹ ಇರುತ್ತವೆ. ಒಂದು, ಅರ್ಥವಾಗದವು: ಫರಿಸಾಯರು ಅಂದರೆ ಯಾರು, ಸಬ್ಬತ್ತಿಗೆ ಯಾಕಿಷ್ಟು ಗಲಾಟೆ? ಇವಕ್ಕೆ ಅಡಿಟಿಪ್ಪಣಿ ಅಥವಾ ಒಂದು ಬೈಬಲ್ ನಿಘಂಟು ಸಾಕು. ಎರಡು, ನಂಬಲು ಕಷ್ಟವಾದವು: ಪವಾಡ, ದೆವ್ವ ಬಿಡಿಸುವುದು, ಸತ್ತವನು ಎದ್ದು ಬರುವುದು. ಮೂರು, ಅರ್ಥವೂ ಆಗಿ, ನಂಬಲೂ ಆಗಿ, ಆದರೆ ಬೇಡ ಅನ್ನಿಸುವವು. ಮಾರ್ಕ 10ರಲ್ಲಿ ಓಡಿ ಬಂದು ಮೊಣಕಾಲೂರಿದ ಶ್ರೀಮಂತನಿಗೆ ಯೇಸುವಿನ ಮೇಲೆ ಅನುಮಾನ ಇರಲಿಲ್ಲ. ಆಸ್ತಿ ಬಿಡಲು ಮನಸ್ಸಿರಲಿಲ್ಲ. ಅದಕ್ಕೇ ದುಃಖದಿಂದ ಹೊರಟುಹೋದ.

ಯಾವ ಅನುಮಾನ ಯಾವ ತರಹದ್ದು ಅಂತ ಪಕ್ಕದಲ್ಲಿ ಗುರುತು ಹಾಕಿ. ಮೂರನೆಯದನ್ನು ಎರಡನೆಯದರ ವೇಷದಲ್ಲಿ ಬರೆಯುವುದು ಬಹಳ ಸುಲಭ.

ಸತ್ತು ಎದ್ದ ವಿಷಯ

ಇದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲಾಗುವುದಿಲ್ಲ. ಕ್ರಿಸ್ತ ಎದ್ದಿಲ್ಲ ಅಂದರೆ ನಿಮ್ಮ ನಂಬಿಕೆ ವ್ಯರ್ಥ ಅಂತ, ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ನೇರವಾಗಿ ಬರೆದಿದ್ದಾನೆ (1 ಕೊರಿಂಥ 15). ಅಂದರೆ ಕ್ರೈಸ್ತ ನಂಬಿಕೆಯನ್ನು ಎಲ್ಲಿ ಪರೀಕ್ಷಿಸಬೇಕು ಅಂತ ಅದೇ ಬೆರಳು ಮಾಡಿ ತೋರಿಸುತ್ತದೆ.

ಆ ಅಧ್ಯಾಯದ 3ರಿಂದ 8ನೇ ವಚನಗಳನ್ನು ನಿಧಾನವಾಗಿ ಓದಿ. ಎದ್ದ ಯೇಸುವನ್ನು ಕಂಡವರ ಪಟ್ಟಿ ಅಲ್ಲಿದೆ: ಪೇತ್ರ, ಹನ್ನೆರಡು ಮಂದಿ, ಒಂದೇ ಸಮಯದಲ್ಲಿ 500ಕ್ಕಿಂತ ಹೆಚ್ಚು ಜನ, ಯಾಕೋಬ, ಕೊನೆಗೆ ಪೌಲ. ಆ 500ರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತಲೂ ಸೇರಿಸುತ್ತಾನೆ. ಈ ಪತ್ರ ಬರೆದದ್ದು ಕ್ರಿ.ಶ. 55ರ ಆಸುಪಾಸಿನಲ್ಲಿ, ಯೇಸುವಿನ ಸಾವಿನ ನಂತರ ಸುಮಾರು 25 ವರ್ಷಕ್ಕೆ. ಆಮೇಲೆ ನಾಲ್ಕೂ ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ವಿವರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಸಮಾಧಿಗೆ ಹೋದ ಹೆಂಗಸರು ಯಾರು ಯಾರು, ಅಲ್ಲಿ ಕಂಡದ್ದು ಒಬ್ಬನೋ ಇಬ್ಬರೋ? ಅದನ್ನೂ ಬರೆದಿಡಿ. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಅನ್ನುವುದರಲ್ಲಿ ಮಾತ್ರ ನಾಲ್ಕೂ ಒಂದೇ. ಹೆಂಗಸರ ಸಾಕ್ಷಿಗೆ ಅಷ್ಟು ಬೆಲೆ ಕೊಡದಿದ್ದ ಕಾಲ ಅದು. ಕಥೆ ಕಟ್ಟುವವರು ಹೀಗೆ ಕಟ್ಟುತ್ತಿದ್ದರಾ? ನೀವೇ ಯೋಚಿಸಿ.

ಮಾರ್ಕನ ಕೊನೆಯಲ್ಲಿ ಒಂದು ಅಡಿಟಿಪ್ಪಣಿ ಸಿಗಬಹುದು. 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ಅತಿ ಹಳೆಯ ಕೆಲವು ಕೈಬರಹದ ಪ್ರತಿಗಳಲ್ಲಿ ಇಲ್ಲ. ಅಲ್ಲಿ ಕಥೆ 8ನೇ ವಚನಕ್ಕೆ, ಹೆದರಿ ಓಡುವ ಹೆಂಗಸರೊಂದಿಗೆ ನಿಲ್ಲುತ್ತದೆ. ಇದನ್ನು ಓದಿ ಕೆಲವರು ಬೆಚ್ಚಿಬೀಳುತ್ತಾರೆ. ಬೀಳಬೇಕಾಗಿಲ್ಲ. ಯಾರೋ ಮುಚ್ಚಿಟ್ಟ ಗುಟ್ಟಾಗಿದ್ದರೆ ಅದನ್ನು ಬೈಬಲಿನ ಪುಟದಲ್ಲೇ ಅಚ್ಚು ಹಾಕುತ್ತಿರಲಿಲ್ಲ ಅಲ್ವಾ?

ಮಾರ್ಕ ಆದ ಮೇಲೆ

ಈಗ ಯೋಹಾನ ಓದಿ. ತಾನು ಯಾಕೆ ಬರೆದೆ ಅಂತ 20ನೇ ಅಧ್ಯಾಯದ ಕೊನೆಯಲ್ಲಿ ಅವನೇ ಹೇಳಿದ್ದಾನೆ: ಯೇಸುವೇ ದೇವಕುಮಾರನಾದ ಕ್ರಿಸ್ತ ಅಂತ ನೀವು ನಂಬಬೇಕು, ನಂಬಿ ಜೀವ ಪಡೆಯಬೇಕು ಅಂತ. ಅದರ ಸ್ವಲ್ಪ ಮೇಲೆಯೇ ತೋಮನ ಕಥೆ ಇದೆ, ಗಾಯ ಮುಟ್ಟದೆ ನಂಬಲ್ಲ ಅಂದವನದ್ದು. ಯೇಸು ಅವನನ್ನು ಹೊರಗೆ ಹಾಕಲಿಲ್ಲ, ಗಾಯ ತೋರಿಸಿದ.

ಶಿಲುಬೆ ಯಾಕೆ ಬೇಕಿತ್ತು ಅನ್ನುವ ಪ್ರಶ್ನೆ ಇಷ್ಟು ಹೊತ್ತಿಗೆ ಬಂದಿರುತ್ತದೆ. ಅದಕ್ಕೆ ಹಳೆಯ ಒಡಂಬಡಿಕೆಗೆ ಹೋಗಬೇಕು. ವಿಮೋಚನಕಾಂಡ 12ರಲ್ಲಿ ಪಸ್ಕದ (ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬದ) ಕುರಿಮರಿ, ಕೀರ್ತನೆ 22, ಯೆಶಾಯ 53. ಶಿಲುಬೆಯ ಮೇಲೆ ಯೇಸು ಕೂಗಿದ "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅನ್ನುವುದು ಆ ಕೀರ್ತನೆಯ ಮೊದಲ ಸಾಲು. ಇವುಗಳನ್ನು ಓದಿ ಮಾರ್ಕ 10:45ಕ್ಕೆ (10ನೇ ಅಧ್ಯಾಯದ 45ನೇ ವಚನ) ವಾಪಸ್ ಬನ್ನಿ. ಅನೇಕರನ್ನು ಬಿಡಿಸಲು ಪ್ರಾಣವನ್ನೇ ಈಡು ಕೊಡುವ ಮಾತು ಅಲ್ಲಿದೆ. ಆಮೇಲೆ ರೋಮಾಪುರದವರಿಗೆ ಬರೆದ ಪತ್ರದ 3ರಿಂದ 8ನೇ ಅಧ್ಯಾಯ. ಅದು ಸುಲಭವಲ್ಲ, ನಿಧಾನವಾಗಲಿ. ಮಧ್ಯೆ ಮಧ್ಯೆ ಲೂಕ 15. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಹಳೆಯ ಒಡಂಬಡಿಕೆಯ ಯೆಹೋಶುವ ಪುಸ್ತಕದಲ್ಲಿ ದೇವರ ಅಪ್ಪಣೆಯಿಂದ ಯುದ್ಧಗಳು ನಡೆಯುವುದು ಯಾಕೆ ಅನ್ನುವ ಪ್ರಶ್ನೆ ದೊಡ್ಡದೇ, ತಪ್ಪಿಸಿಕೊಳ್ಳುವಂಥದ್ದಲ್ಲ. ಆದರೆ ಯೇಸುವಿನ ಪರಿಚಯವಾದ ಮೇಲೆ ಅದನ್ನು ಎತ್ತಿಕೊಂಡರೆ ನಿಲ್ಲಲು ಒಂದು ನೆಲ ಇರುತ್ತದೆ.

ಒಂದೇ ವಚನ ಕಿತ್ತು ಓದಬೇಡಿ

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವೇ ಇವತ್ತಿನ ಉತ್ತರ ಅನ್ನುವ ಅಭ್ಯಾಸ ಕೆಲವರಿಗಿದೆ. ಅದು ಓದಲ್ಲ, ಲಾಟರಿ. ಹಳೆಯ ಕಾಲದ ದೊಡ್ಡ ಕ್ರೈಸ್ತ ಚಿಂತಕ ಅಗಸ್ಟೀನನ ಹೆಸರು ಇಲ್ಲಿ ಬಂದೇ ಬರುತ್ತದೆ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ, ತೆಗೆದು ಓದು ಅನ್ನುವ ಮಗುವಿನ ದನಿ ಕೇಳಿ, ಪೌಲನ ಪತ್ರ ತೆರೆದು ರೋಮಾಪುರ 13ರ ಕೊನೆಯ ಸಾಲುಗಳನ್ನು ಓದಿದ, ಬದುಕು ತಿರುಗಿತು. ನಿಜ. ಆದರೆ ಅವನು ಅದಕ್ಕೂ ಮುಂಚೆ ವರ್ಷಗಟ್ಟಲೆ ಓದಿ, ವಾದಿಸಿ, ತನ್ನೊಳಗೇ ಗುದ್ದಾಡಿದ್ದ. ಆ ಭಾಗವನ್ನು ಬಿಟ್ಟು ಕಥೆ ಹೇಳುವವರೇ ಜಾಸ್ತಿ.

ಎರಡು ವಚನಗಳನ್ನು ನೋಡಿ. ನಿಮಗಾಗಿ ನನ್ನ ಯೋಚನೆಗಳು ಒಳ್ಳೆಯವು, ಭರವಸೆ ಕೊಡುವಂಥವು ಅನ್ನುವ ಯೆರೆಮೀಯ 29:11 ಗೋಡೆಗಳ ಮೇಲೆ ನೇತಾಡುತ್ತಿರುತ್ತದೆ. ಅದರ ಹಿಂದಿನ ವಚನ ಓದಿದ್ದೀರಾ? ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು, 70 ವರ್ಷ ಕಾಯಬೇಕು ಅನ್ನುತ್ತದೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ಫಿಲಿಪ್ಪಿ 4:13 ಕೂಡ ಪರೀಕ್ಷೆಯಲ್ಲಿ ಗೆಲ್ಲುವ ಮಂತ್ರವಲ್ಲ. ಸೆರೆಯಲ್ಲಿದ್ದ ಪೌಲ ಹಸಿವಿನಲ್ಲೂ ತೃಪ್ತನಾಗಿರಲು ಕಲಿತೆ ಅನ್ನುವ ಮಾತಿನ ಮುಂದುವರಿಕೆ. ವಚನ ಕಿತ್ತು ಹೇಳುವುದು ಸೈತಾನನಿಗೂ ಗೊತ್ತು. ಮತ್ತಾಯ 4ರಲ್ಲಿ ಅವನು ಯೇಸುವಿಗೆ ಹೇಳುವುದು ಕೀರ್ತನೆ 91ರ ಸಾಲುಗಳನ್ನೇ.

ಪ್ರಾರ್ಥನೆ, ಮತ್ತು ಮಾಡಿ ನೋಡುವುದು

ನಂಬಿಕೆ ಬಂದ ಮೇಲೆ ಪ್ರಾರ್ಥನೆ ಅಂತ ಕಾಯಬೇಡಿ. ಮೊದಲ ದಿನದಿಂದಲೇ, ಓದುವ ಮುಂಚೆ, ನಿಮ್ಮ ಮಾತಿನಲ್ಲೇ ಎರಡು ಸಾಲು ಹೇಳಿ. ನೀನಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಇದ್ದರೆ ಈ ಓದಿನಲ್ಲಿ ನನಗೆ ಸಿಗು ಅಂದರೂ ಸಾಕು. ಮಾರ್ಕ 9ರಲ್ಲಿ ಕಾಯಿಲೆಯ ಮಗನ ತಂದೆಯೊಬ್ಬ ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಬೇಡುತ್ತಾನೆ. ಯೇಸು ಅವನ ಮಗನನ್ನು ವಾಸಿ ಮಾಡಿದ. ಪೂರ್ತಿ ನಂಬಿಕೆ ತಂದ ಮೇಲೆ ಬಾ ಅನ್ನಲಿಲ್ಲ.

ಇನ್ನೊಂದು, ಬರೀ ಓದಿ ತಿಳಿಯುವಂಥದ್ದಲ್ಲ ಇದು. ದೇವರ ಇಷ್ಟದಂತೆ ನಡೆಯಲು ಮನಸ್ಸಿರುವವನಿಗೆ ಈ ಬೋಧನೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ ಅನ್ನುತ್ತಾನೆ ಯೇಸು (ಯೋಹಾನ 7:17). ಮತ್ತಾಯ 5ರಿಂದ 7 ಓದಿ, ಒಂದೇ ಒಂದು ಮಾತು ಆರಿಸಿಕೊಳ್ಳಿ. ಮಾತು ಬಿಟ್ಟ ಅಣ್ಣನೋ ತಂಗಿಯೋ ಇದ್ದರೆ ಹೋಗಿ ರಾಜಿಯಾಗಿ. ಯಾರಿಗೂ ತೋರಿಸದೆ ಒಬ್ಬರಿಗೆ ಸಹಾಯ ಮಾಡಿ. ಸೋತರೆ ಸೋತೆ ಅಂತ ಬರೆಯಿರಿ. ಸೋತ ಮೇಲೆಯೇ ಕ್ಷಮೆಯ ಮಾತು ಯಾಕಿಷ್ಟು ಸಲ ಬರುತ್ತದೆ ಅಂತ ಅರ್ಥವಾಗುವುದು.

ನಂಬಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎಲ್ಲರಿಗೂ ಒಂದೇ ತರಹ ಆಗುವುದಿಲ್ಲ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲೇ ಇಬ್ಬರಿದ್ದಾರೆ. ಲುದ್ಯ ಎಂಬ ವ್ಯಾಪಾರದ ಹೆಂಗಸು ನದಿಯ ಹತ್ತಿರ ಕೂತು ಕೇಳುತ್ತಿರುವಾಗ ಅವಳ ಹೃದಯ ಸದ್ದಿಲ್ಲದೆ ತೆರೆಯಿತು. ಅದೇ ಊರಿನ ಸೆರೆಮನೆಯ ಅಧಿಕಾರಿಗೆ ಭೂಕಂಪವೇ ಆಗಬೇಕಾಯಿತು! ಕಣ್ಣೀರು, ರೋಮಾಂಚನ ಬರಲಿಲ್ಲ ಅಂತ ಚಿಂತೆ ಬೇಡ. ರೋಮಾಪುರ 10:9 ಕೇಳುವುದು ಎರಡನ್ನು: ಯೇಸುವೇ ಕರ್ತ ಅಂತ ಬಾಯಿಂದ ಒಪ್ಪಿಕೊಳ್ಳುವುದು, ದೇವರು ಅವನನ್ನು ಎಬ್ಬಿಸಿದ ಅಂತ ಹೃದಯದಿಂದ ನಂಬುವುದು. ಇವೆರಡನ್ನೂ ಪ್ರಾಮಾಣಿಕವಾಗಿ ಹೇಳಬಲ್ಲಿರಾದರೆ ದೇವರಿಗೇ ಹೇಳಿ. ತಪ್ಪುಗಳನ್ನು ಒಪ್ಪಿಕೊಳ್ಳಿ, ಕ್ಷಮೆ ಕೇಳಿ, ಇನ್ನು ನಿನ್ನ ಹಿಂದೆ ಬರುತ್ತೇನೆ ಅನ್ನಿ. ಹೇಳಲಾಗದಿದ್ದರೆ ಓದು ಮುಂದುವರಿಸಿ. ಗಡುವು ಏನಿಲ್ಲ. ಎಷ್ಟು ಓದಿದಿರಿ ಅನ್ನುವುದರ ಮೇಲೂ ಇದು ನಿಂತಿಲ್ಲ. ಇದು ದೇವರ ಕೊಡುಗೆ, ನಮ್ಮ ಸಂಪಾದನೆಯಲ್ಲ ಅಂತ ಎಫೆಸ 2:8-9 ಹೇಳುತ್ತದೆ.

ಇನ್ನು ಒಬ್ಬರೇ ಇರಬೇಡಿ

ಐಥಿಯೋಪ್ಯದ ಒಬ್ಬ ದೊಡ್ಡ ಅಧಿಕಾರಿ ರಥದಲ್ಲಿ ಕೂತು ಒಬ್ಬನೇ ಯೆಶಾಯ 53 ಓದುತ್ತಿದ್ದ. ಅರ್ಥವಾಗುತ್ತಿದೆಯಾ ಅಂತ ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದಾಗ, ಯಾರೂ ತಿಳಿಸಿಕೊಡದಿದ್ದರೆ ಹೇಗಾದೀತು ಅಂತ ಹತ್ತಿಸಿಕೊಂಡ (ಅಪೊಸ್ತಲರ ಕೃತ್ಯಗಳು 8). ಒಬ್ಬರೇ ಓದುವುದಕ್ಕೆ ಒಂದು ಮಿತಿ ಇದೆ. ನಮಗೆ ಬೇಕಾದದ್ದೇ ನಮಗೆ ಕಾಣತೊಡಗುತ್ತದೆ.

ಒಂದು ಸಭೆಗೆ, ಅಂದರೆ ಚರ್ಚಿಗೆ, ಹೋಗಿ. ಕೆಲವು ವಾರ ಹಿಂದೆ ಕೂತು ನೋಡಿ. ಪ್ರಶ್ನೆ ಕೇಳಿದರೆ ಬೈಬಲ್ ತೆರೆದು ಉತ್ತರಿಸುತ್ತಾರಾ, ಅಥವಾ ಪ್ರಶ್ನೆ ಕೇಳುವುದೇ ಪಾಪ ಅನ್ನುತ್ತಾರಾ? ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆರೆದು ತಾಳೆ ನೋಡಿದ ಬೆರೋಯ ಊರಿನವರನ್ನು ಬೈಬಲ್ ಹೊಗಳುತ್ತದೆ, ಬೈಯುವುದಿಲ್ಲ. ಹಣಕ್ಕೆ ಒತ್ತಾಯ ಮಾಡುವ, ಮನೆಯವರಿಂದ ದೂರವಾಗು ಅನ್ನುವ, ಇವತ್ತೇ ನಿರ್ಧಾರ ಹೇಳು ಅಂತ ಮೇಲೆ ಬೀಳುವ ಕಡೆ ನಿಲ್ಲಬೇಡಿ. ಮನೆಯವರಿಗೆ ಹೇಳುವಾಗ ವಾದ ಗೆಲ್ಲಲು ಹೋಗಬೇಡಿ. ಮೃದುವಾಗಿ, ಮರ್ಯಾದೆಯಿಂದ ಹೇಳಿ ಅನ್ನುವುದು ಪೇತ್ರನ ಸಲಹೆ.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ವಿಷಯದಲ್ಲಿ ಸಭೆಯಿಂದ ಸಭೆಗೆ ಪದ್ಧತಿ ಬೇರೆ. ಕೆಲವರು ನೀರಿನಲ್ಲಿ ಮುಳುಗಿಸುತ್ತಾರೆ, ಕೆಲವರು ತಲೆಯ ಮೇಲೆ ಸುರಿಯುತ್ತಾರೆ. ಕೆಲವು ಕಡೆ ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಪಾಠ ಇರುತ್ತದೆ. ಏನು ಕಲಿಸುತ್ತಾರೆ, ಎಷ್ಟು ಕಾಲ, ಆಮೇಲೆ ನಿಮ್ಮಿಂದ ಏನು ನಿರೀಕ್ಷಿಸುತ್ತಾರೆ ಅಂತ ಪಾಸ್ಟರ್ ಅಥವಾ ಪಾದ್ರಿಯವರನ್ನು ಮೊದಲೇ ಕೇಳಿಕೊಳ್ಳಿ. ಹೋಗುವಾಗ ಅನುಮಾನಗಳ ಪುಟವೂ ಜೊತೆಗಿರಲಿ. ಎರಡನೇ ತರಹದ ಪ್ರಶ್ನೆಗಳಿಂದ ಶುರು ಮಾಡಿ.